ಕಲ್ಲು ಬೇಡದ ಕಾರು

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಹಲ್ಲುಜ್ಜುವುದಕ್ಕೂ ಮುಂಚೆ ಹೊಸ್ತಿಲಲ್ಲಿ ಕೂತು ಒಂದು ನಿಂಬೆಹಣ್ಣನ್ನು ಬೀದಿಗೆ ಬಿಡುತ್ತಾರೆ. ಹಣ್ಣು ಎಡಕ್ಕೆ ಉರುಳಿದರೆ ಇವತ್ತು ಕೆರೆ ಬೀದಿ ಕಡೆ ಇಳಿಜಾರು, ಬಲಕ್ಕೆ ಉರುಳಿದರೆ ಗಾಣದ ಬೀದಿ ಕಡೆ. ನಿನ್ನೆ ಏದುಸಿರು ಬಿಡುತ್ತಾ ಹತ್ತಿದ ಬೀದಿಯನ್ನು ಇವತ್ತು ಕೈ ಬೀಸಿಕೊಂಡು ಇಳಿಯಬಹುದು. ನಾಳೆಯದನ್ನು ನಾಳೆಯ ನಿಂಬೆಹಣ್ಣೇ ಹೇಳಬೇಕು. ಹೊರಗಿನಿಂದ ಬಂದ ನೆಂಟರು ಬಂದ ದಿನ ಗೋಡೆ ಹಿಡಿದುಕೊಂಡು ನಡೆಯುತ್ತಾರೆ, ಮಾರನೇ ದಿನ "ಇದೇನ್ರೀ ಇದು ನಿಮ್ಮೂರು" ಅನ್ನುತ್ತಾರೆ, ಅದರ ಮಾರನೇ ದಿನ ತಾವೂ ಎದ್ದು ನಿಂಬೆಹಣ್ಣು ಎಲ್ಲಿ ಅಂತ ಕೇಳುತ್ತಾರೆ.

ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದ ನಮಗೆ ಇದೊಂದು ದೊಡ್ಡ ವಿಷಯವೇ ಅಲ್ಲ. ಲೋಟಕ್ಕೆ ಕಾಫಿಯನ್ನು ಮುಕ್ಕಾಲು ಮಾತ್ರ ತುಂಬುತ್ತೇವೆ. ಉರುಳದ ಹಾಗೆ ಮಂಚದ ಕಾಲಿಗೆ ಕಲ್ಲು, ಸೈಕಲ್ಲಿಗೆ ಕಲ್ಲು, ತರಕಾರಿ ಗಾಡಿಗೆ ಕಲ್ಲು. ಮಗು ಹುಟ್ಟಿದರೆ ಹೆಸರಿಡುವುದಕ್ಕಿಂತ ಮುಂಚೆ ತೊಟ್ಟಿಲಿಗೆ ಕಲ್ಲು ಕೊಡಬೇಕು. ಅದನ್ನು ಹೆರಿಗೆ ಮಾಡಿಸಿದವರೇ ತಮ್ಮ ಕೈಯಾರೆ ಕೊಡಬೇಕು. ಕೂಸಿನ ಕಲ್ಲು ಅನ್ನುತ್ತಾರೆ ಅದನ್ನು. ಇಷ್ಟೆಲ್ಲ ಜೋಪಾನ ಮಾಡಿದರೂ ದಿನಾ ಯಾರದಾದರೂ ಏನಾದರೂ ಕೈತಪ್ಪಿ ಹೊರಟೇಬಿಡುತ್ತದೆ. ಆಗ ಕಂಡವರು "ಉರುಳೂ!" ಅಂತ ಕೂಗಬೇಕು. ಕೇಳಿದ್ದೇ ತಡ, ಬೀದಿಯಲ್ಲಿದ್ದವರೆಲ್ಲ ಹತ್ತಿರದ ಜಗಲಿ ಹತ್ತುತ್ತಾರೆ. ಕೆಳಗಿನ ಬೀದಿಯವರು ಕೂಗನ್ನು ಎತ್ತಿಕೊಂಡು ಇನ್ನೂ ಕೆಳಗಿನವರಿಗೆ ದಾಟಿಸುತ್ತಾರೆ. ಕಳೆದುಹೋದದ್ದೆಲ್ಲ ಸಂಜೆ ಹೊತ್ತಿಗೆ ಆ ದಿನದ ತಗ್ಗಿನಲ್ಲಿ ಸಿಗುತ್ತದೆ. ಕೊಡ, ಚೆಂಡು, ಈರುಳ್ಳಿ, ಊರಿನವರೆಲ್ಲರ ನಿಂಬೆಹಣ್ಣು. ನಮ್ಮೂರಿನ ಎಷ್ಟೋ ಮದುವೆಗಳು ತಗ್ಗಿನಲ್ಲಿ ಸಾಮಾನು ಹುಡುಕುವಾಗಲೇ ಕುದುರಿವೆ. ನನ್ನ ಅಕ್ಕ ನೀಲವೇಣಿಯದೂ ಹಾಗೇ. ಅವಳ ಪಾತ್ರೆ ಮುಚ್ಚಳ ಉರುಳಿ ಉರುಳಿ ಹೋಗಿ, ಬಡಗಿ ಕೆಲಸ ಮಾಡುವ ಶಿವಲಿಂಗ ಭಾವನ ಮೊಣಕಾಲಿಗೆ ಬಡಿದಿತ್ತು. ಭಾವ ಇವತ್ತಿಗೂ ಆ ಗಾಯದ ಕಲೆಯನ್ನು ಮೆಡಲಿನ ಹಾಗೆ ತೋರಿಸುತ್ತಾನೆ.

ಇನ್ನು ನಾನು, ಇಂದುಮತಿ. ಗಾಡಿಗಳ ಹುಚ್ಚಿ. ಬೇರೆ ಹುಡುಗಿಯರು ಮಲ್ಲಿಗೆ ಮೂಸಿದರೆ ನಾನು ಪೆಟ್ರೋಲ್ ಮೂಸುತ್ತೇನೆ ಅಂತ ಅಮ್ಮನ ದೂರು. ಕೆರೆ ಬೀದಿಯ ಬುಡೇನ್ ಸಾಬರ ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲಿ ಸಾಬರು ಮಗಳ ಮನೆಗೆ ಹೊರಟರು. ಹೊರಡುವಾಗ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ನೋಡಮ್ಮ ಇಂದೂ, ಪಂಕ್ಚರ್ ಹಾಕು, ಗಾಳಿ ಹೊಡಿ. ಬಾನೆಟ್ ಎತ್ತಕ್ಕೆ ಹೋಗ್ಬೇಡ. ಎತ್ತಲೇಬೇಕು ಅಂತ ಕೈ ಕಡೀತಾ ಇದ್ರೆ, ಗಾಡಿ ಓಡ್ಸೋರ್ನ ಮೊದ್ಲು ಕೂರ್ಸಿ ಮಾತಾಡ್ಸು. ಟೀ ಕುಡ್ಸು. ಆಮೇಲೆ ಎತ್ತು" ಅಂದರು. ನಾನು ತಲೆ ಆಡಿಸಿದೆ. ಅಷ್ಟು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು "ಆಮೇಲೆ ಎತ್ತು" ಅನ್ನುವುದು ಮಾತ್ರ.

ಸಾಬರ ಬಸ್ಸು ತಿರುವು ದಾಟಿತೋ ಇಲ್ಲವೋ, ಚಂಪಕ್ಕ ನಡೆದುಕೊಂಡು ಬಂದರು. ಚಂಪಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರಿನ ಅರ್ಧ ಜನ ಈ ಲೋಕದಲ್ಲಿ ಮೊದಲು ನೋಡಿದ್ದು ಅವರ ಮುಖವನ್ನೇ. ನಾನೂ ಅದರಲ್ಲಿ ಒಬ್ಬಳು. ಹಸಿರು ಬಣ್ಣದ ಹಳೇ ಕಾರಿನಲ್ಲಿ, ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಹೆರಿಗೆಗೆ ಹೊರಟರೆ ಎದುರಿಗೆ ಬಂದ ಬಸ್ಸೂ ಪಕ್ಕಕ್ಕೆ ಸರಿಯುತ್ತಿತ್ತು.

"ಕಾರೆಲ್ಲಿ ಚಂಪಕ್ಕ?"

"ಮನೆ ಹತ್ರ ಐತೆ. ಅದ್ರಲ್ಲಿ ಬಂದಿದ್ರೆ ಸಂಜೆ ಆಗೋದು, ಅದ್ಕೇ ನಡ್ಕಂಡು ಬಂದೆ. ಸಾಬ್ರು ಎಲ್ಲಿ?"

"ಊರಿಗೆ ಹೋದ್ರು. ನಾನಿದೀನಲ್ಲ!"

ಚಂಪಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. ಹುಟ್ಟಿದ ದಿನ ತೂಕ ಹಾಕಿದಾಗ ನೋಡಿದ್ದೂ ಹೀಗೇ ಇರಬೇಕು. ಆಮೇಲೆ ಉಸ್ಸಂತ ಬೆಂಚಿನ ಮೇಲೆ ಕೂತರು. ಕಾರಿಗೆ ಪಿಕಪ್ಪೇ ಇಲ್ಲವಂತೆ. ಆಕ್ಸಿಲರೇಟರ್ ತುಳಿದರೆ ಇಂಜಿನ್ ಗೊಣಗುತ್ತದಂತೆ, ಕಾರು ಮಾತ್ರ ಮದುವೆ ಊಟ ಮುಗಿಸಿದವರ ಹಾಗೆ ನಿಧಾನಕ್ಕೆ ಎದ್ದು ನಿಧಾನಕ್ಕೆ ಹೊರಡುತ್ತದಂತೆ. ಹೋದ ವಾರ ಸಂತೆಮಾಳದ ಪದ್ದಿಯ ಹೆರಿಗೆಗೆ ಇವರು ತಲುಪುವಷ್ಟರಲ್ಲಿ ಮಗು ಹುಟ್ಟಿ, ಸ್ನಾನ ಮಾಡಿ, ಹಾಲು ಕುಡಿದು, ಗೊರಕೆ ಹೊಡೆಯುತ್ತಿತ್ತು. ತೊಟ್ಟಿಲಿಗೆ ಕಲ್ಲನ್ನು ಪಕ್ಕದ ಮನೆಯವಳು ಕೊಟ್ಟುಬಿಟ್ಟಿದ್ದಳು.

"ಪಕ್ಕದ್ಮನೆಯವ್ಳು ಕಣೇ ಇಂದೂ! ಕರಿಬೇವು ಕೇಳಕ್ಕೆ ಬಂದಿದ್ದೋಳು! ನಾನು ನನ್ ಕಲ್ಲು ಬ್ಯಾಗಲ್ಲಿಟ್ಕಂಡು ಹಂಗೇ ವಾಪಸ್ ಬಂದೆ." ಚಂಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದರು: "ಈಗ ನಿಮ್ಮಕ್ಕ ನೀಲೂದು. ಇವತ್ತೋ ನಾಳೆಯೋ ಅನ್ನಂಗವ್ಳೆ. ಅವ್ಳು ಇರೋದು ಗಾಣದ ಬೀದಿ ಆ ತುದಿ. ಅದಕ್ಕೂ ನಾನು ಹೋಗಿ ಸೇರಲಿಲ್ಲ ಅಂದ್ರೆ ಮುಗೀತು. ಬ್ಯಾಗ್‌ನ ಗೂಟಕ್ಕೆ ಹಾಕಿ ಸೀರಿಯಲ್ ನೋಡ್ಕಂಡು ಕೂತ್ಕತೀನಿ."

ನೀಲಕ್ಕ ಮೊದಲಿನಿಂದ ಒಂದೇ ಹಟ ಹಿಡಿದು ಕೂತಿದ್ದಳು: "ಚಂಪಕ್ಕ ಬಂದ್ರೇನೇ ನಾನು ಹೆರೋದು. ಇಲ್ಲಾಂದ್ರೆ ತಡ್ಕಂಡಿರ್ತೀನಿ." ಹೆದರಿಕೆಯನ್ನು ಅವಳು ಯಾವಾಗಲೂ ಹಟದೊಳಗೆ ಮುಚ್ಚಿಡುವವಳು. ಅವಳನ್ನೇ ಈ ಕಡೆ ಕರೆತರೋಣವೆಂದರೆ, ದಿನ ತುಂಬಿದ ಬಸುರಿ ನಮ್ಮೂರಲ್ಲಿ ಹೊಸ್ತಿಲು ದಾಟಿ ಇಳಿಜಾರಿಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಚಂಪಕ್ಕನೇ ಹೋಗಬೇಕು, ಅಷ್ಟು ದೂರದ ಏರನ್ನು ಈ ವಯಸ್ಸಿನಲ್ಲಿ ನಡೆದು ಹತ್ತಲಾರರು, ಹೋಗಬೇಕೆಂದರೆ ಕಾರು ಓಡಬೇಕು.

"ಕಾರನ್ನ ನಾನು ಸರಿ ಮಾಡ್ತೀನಿ ಚಂಪಕ್ಕ!" ಅಂದೆ.

"ಕಾರಿಂದಲ್ಲ ಬಿಡು ತಾಯಿ ತೊಂದ್ರೆ. ಜವರಣ್ಣ ಆಗ್ಲೇ ಹೇಳವ್ನೆ."

ಜವರಣ್ಣ ಅಂದರೆ ಊರ ನಡುವೆ ಟೀ ಅಂಗಡಿ ಇಟ್ಟಿರುವವನು. ನಮ್ಮೂರಲ್ಲಿ ಇಳಿಜಾರಿಗೆ ಮನಸ್ಸಿದೆ, ಅದಕ್ಕೆ ಆಗದವರು ಎತ್ತ ಹೋದರೂ ಅತ್ತ ಏರಾಗುತ್ತದೆ ಅನ್ನುವುದು ಹಳಬರ ನಂಬಿಕೆ. ಯಾರ ಸೈಕಲ್ ತುಳಿಯಲು ಭಾರವಾದರೂ, ಯಾರಿಗೆ ಉಬ್ಬಸ ಬಂದರೂ ಜವರಣ್ಣ ಸೌಟು ಅಲ್ಲಾಡಿಸುತ್ತಾ ಒಂದೇ ತೀರ್ಪು ಕೊಡುತ್ತಿದ್ದ: "ಇಳಿಜಾರು ಮುನಿಸ್ಕಂಡೈತೆ." ಚಂಪಕ್ಕನ ಮೇಲೂ ಮುನಿಸಿಕೊಂಡಿದೆ, ವಯಸ್ಸಾಯಿತು ಮನೆಯಲ್ಲಿರು ಅನ್ನುತ್ತಿದೆ ಅಂತ ಅವನು ಊರೆಲ್ಲ ಹೇಳಿಬಿಟ್ಟಿದ್ದ. ಇದನ್ನು ಚಂಪಕ್ಕ ನಂಬಿದ್ದಕ್ಕೇ ನನಗೆ ಸಂಕಟವಾಯಿತು. ಇಂಜಿನ್ನಿಗೆ ರೋಗ ಬರಬಹುದು, ಇಳಿಜಾರಿಗೆ ಎಲ್ಲಿಂದ ಮುನಿಸು ಬರಬೇಕು!

ಅವತ್ತೇ ಕೆರೆ ಬೀದಿಯ ಕೊನೆಯಲ್ಲಿದ್ದ ಅವರ ಮನೆಗೆ ಓಡಿದೆ. ಕಾರು ಬಾಗಿಲ ಮುಂದೆ ಗಂಭೀರವಾಗಿ ನಿಂತಿತ್ತು. ಹಿಂದಿನ ಚಕ್ರಕ್ಕೆ ಒರಗಿ ಚಂಪಕ್ಕನ ಕರಿಬೆಕ್ಕು ಮಸಿ ಸುಖವಾಗಿ ಮಲಗಿತ್ತು. ಬಾನೆಟ್ ಎತ್ತಿದೆ. ಆಹಾ! ಬಾನೆಟ್ ಎತ್ತುವಾಗ ನನಗೆ ಆಗುವ ಖುಷಿ ಬೇರೆಯವರಿಗೆ ಸಿಹಿ ತಿಂಡಿ ಡಬ್ಬಿ ತೆಗೆಯುವಾಗ ಆಗುತ್ತದೇನೋ. ಮೊದಲು ಏರ್ ಫಿಲ್ಟರ್ ಬಿಚ್ಚಿದೆ. ಬಿಚ್ಚಿದರೆ ಒಳಗೆ ಧೂಳು, ಹೊಂಗೆ ಎಲೆ, ಒಂದು ಜಿರಳೆ, ಅದರ ಸಂಸಾರ. ನಮ್ಮ ಮೂಗಿಗೆ ಹತ್ತಿ ತುರುಕಿ ಬೆಟ್ಟ ಹತ್ತು ಅಂದರೆ ಹತ್ತುತ್ತೇವೆಯೇ? ಇಂಜಿನ್ನಿಗೂ ಉಸಿರು ಬೇಕು. "ಸಿಕ್ತು! ಸಿಕ್ತು!" ಅಂತ ಕುಣಿದೆ. ಗಾಳಿ ಹೊಡೆದು, ಕೊಡವಿ, ಜಿರಳೆಗಳಿಗೆ ಬೇರೆ ಮನೆ ತೋರಿಸಿ, ಫಿಲ್ಟರನ್ನು ಮತ್ತೆ ಕೂರಿಸಿ, ಚಂಪಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಣದ ಬೀದಿ ಕಡೆಗೆ ಹೊರಟೆ.

ಕಾರು ಹಾರಿತು. ನಿಜವಾಗಿ ಹಾರಿತು. ಜವರಣ್ಣನ ಅಂಗಡಿ ಮುಂದೆ ಹಾರ್ನ್ ಒತ್ತಿಕೊಂಡೇ ಹೋದೆ. ಚಂಪಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ "ಮುನಿಸಂತೆ ಮುನಿಸು!" ಅಂತ ಕೂಗಿದರು. ನೀಲಕ್ಕನ ಮನೆ ಮುಂದೆ ಒಂದು ಸುತ್ತು ತಿರುಗಿಸಿ, ಕಿಟಕಿಯಲ್ಲಿ ಕೂತಿದ್ದ ಅವಳಿಗೆ ಕೈ ಬೀಸಿ, ವಾಪಸ್ ಹೊರಟೆವು.

ವಾಪಸ್ ಬರುವಾಗ ಕಾರು ತೆವಳಿತು. ಎಷ್ಟು ತೆವಳಿತು ಅಂದರೆ, ಜವರಣ್ಣ ಅಂಗಡಿಯಿಂದ ಇಳಿದು ಬಂದು ನಮ್ಮ ಪಕ್ಕದಲ್ಲೇ ನಡೆಯುತ್ತಾ ಕಿಟಕಿಯೊಳಗೆ ಬಗ್ಗಿ ಮಾತಾಡಿದ.

"ಏನಮ್ಮ ಮೆಕ್ಯಾನಿಕ್ಕು, ಬೆಳಿಗ್ಗೆ ನಿಂಬೆಹಣ್ಣು ಬಿಟ್ಟಿದ್ಯಾ?"

ಬಿಟ್ಟಿರಲಿಲ್ಲ. ಸಾಬರನ್ನು ಬಸ್ಸು ಹತ್ತಿಸುವ ಸಡಗರದಲ್ಲಿ ಮರೆತಿದ್ದೆ. ಅವತ್ತು ಗಾಣದ ಬೀದಿ ಕಡೆಗೇ ಇಳಿಜಾರು. ಹೋಗುವಾಗ ಕಾರನ್ನು ಓಡಿಸಿದ್ದು ಇಂಜಿನ್ನೂ ಅಲ್ಲ, ನಾನೂ ಅಲ್ಲ.

"ಬೇಕಾದ್ರೆ ಇಬ್ರಿಗೂ ಒಂದೊಂದು ಟೀ ಕೊಡ್ಲಾ? ಕುಡ್ದು ಲೋಟ ವಾಪಸ್ ಕೊಡೋ ಹೊತ್ಗೂ ಇಲ್ಲೇ ಇರ್ತೀರ" ಅಂದ ಜವರಣ್ಣ. ಚಂಪಕ್ಕ ಅವನಿಗೆ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಬೈಯದ ಚಂಪಕ್ಕನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಏನೇನು ಬಿಚ್ಚಲಿಲ್ಲ ಅಂತ ಕೇಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಉಜ್ಜಿದೆ. ಪೆಟ್ರೋಲ್ ಬರುವ ಪೈಪನ್ನು ಬಾಯಿಂದ ಊದಿ ಕಸ ತೆಗೆದೆ, ಅವತ್ತು ಅನ್ನವೆಲ್ಲ ಪೆಟ್ರೋಲ್ ರುಚಿ. ಆಕ್ಸಿಲರೇಟರ್ ತುಳಿದರೆ ಅದರ ತಂತಿ ಪೂರಾ ಎಳೆಯುತ್ತದೋ ಇಲ್ಲವೋ ಅಂತ ಚಂಪಕ್ಕನ ಕೈಲಿ ತುಳಿಸಿ ತುಳಿಸಿ ನೋಡಿದೆ. ಈಗ ನಿಂಬೆಹಣ್ಣು ಬಿಡುವುದನ್ನು ಮರೆಯುತ್ತಿರಲಿಲ್ಲ. ಏರಿಗೂ ಓಡಿಸಿದೆ, ಇಳಿಜಾರಿಗೂ ಓಡಿಸಿದೆ. ಏರಿನಲ್ಲಿ ತೆವಳುತ್ತಿತ್ತು. ಇಳಿಜಾರಿನಲ್ಲೂ, ಈಗ ಗಮನವಿಟ್ಟು ನೋಡಿದರೆ, ಪಕ್ಕದ ಸೈಕಲ್ಲುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ನಿಲ್ಲಿಸಿಕೊಂಡು ನ್ಯೂಟ್ರಲ್‌ನಲ್ಲಿ ತುಳಿದರೆ ಮಾತ್ರ ಇಂಜಿನ್ ಭೋರ್ ಅಂತ ಗರ್ಜಿಸುತ್ತಿತ್ತು, ಒಂದು ಸಣ್ಣ ಕೆಮ್ಮೂ ಇಲ್ಲ.

"ನಿಂತಾಗ ಹುಲಿ, ಹೊರಟಾಗ ಇಲಿ" ಅಂದರು ಚಂಪಕ್ಕ. "ಬಿಡು ಮಗಾ. ನಿನ್ನ ಕೈ ಎಲ್ಲಾ ಗೀರಿಕೊಂಡೈತೆ. ಬಾ, ಕೊಬ್ಬರಿ ಎಣ್ಣೆ ಹಚ್ತೀನಿ." ಒಳಗೆ ಹೋದಾಗ ನೋಡಿದೆ, ಅವರ ಹೆರಿಗೆ ಬ್ಯಾಗು ಆಗಲೇ ಗೂಟಕ್ಕೆ ಹೋಗಿತ್ತು. ಕೂಸಿನ ಕಲ್ಲು ಬ್ಯಾಗಿನಿಂದ ಹೊರಬಂದು ಟೀವಿಯ ಮೇಲೆ ಕೂತಿತ್ತು.

ಅವತ್ತು ಸಂಜೆ ಮುಖ ಊದಿಸಿಕೊಂಡು ಜವರಣ್ಣನ ಅಂಗಡಿಯಲ್ಲಿ ಕೂತಿದ್ದೆ. ಕೈಯಲ್ಲಿ ಮುಕ್ಕಾಲು ಲೋಟ ಟೀ. ಬೀದಿಯಲ್ಲಿ "ಉರುಳೂ!" ಕೂಗು ಎದ್ದಿತು. ಎಲ್ಲರೂ ಜಗಲಿ ಹತ್ತಿದೆವು. ಕಡಲೇಕಾಯಿ ಮಾರುವ ಗೋವಿಂದಯ್ಯನ ತಳ್ಳುಗಾಡಿ ಕಡಲೇಕಾಯಿ ಚೆಲ್ಲುತ್ತಾ ನಮ್ಮ ಮುಂದೆಯೇ ಹಾದುಹೋಯಿತು. ಅದರ ಹಿಂದೆ ಗೋವಿಂದಯ್ಯ ಪಂಚೆ ಎತ್ತಿ ಹಿಡಿದು ಓಡುತ್ತಿದ್ದ.

"ಕಲ್ಲು ಕೊಡಕ್ಕೇನೋ ರೋಗ ನಿಂಗೆ!" ಅಂತ ಜವರಣ್ಣ ಅವನ ಬೆನ್ನಿಗೆ ಕೂಗಿದ. ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನ ಮಾಡುವ ಹಾಗೆ, "ಏನೇ ಅನ್ನು, ಚಂಪಕ್ಕನ ಕಾರು ಮಾತ್ರ ಬಂಗಾರ. ಎಷ್ಟೋ ತಿಂಗ್ಳಾಯ್ತು ನೋಡ್ತಾ ಇದೀನಿ. ಎಂಥಾ ಇಳಿಜಾರಲ್ಲಿ ನಿಲ್ಸಿದ್ರೂ ಕಲ್ಲೇ ಬೇಡ. ನಿಲ್ಸಿದ್ ಕಡೆ ನಿಂತಿರ್ತದೆ, ಹಸು ಇದ್ದಂಗೆ. ನಿಯತ್ತು ಅಂದ್ರೆ ಅದು" ಅಂದ. ಬೆಂಚಿನ ಮೇಲಿದ್ದವರೂ ಹೌದು ಹೌದು ಅಂದರು. ಒಬ್ಬ ತನ್ನ ಮಗನಿಗೆ ಆ ಕಾರನ್ನು ನೋಡಿ ಕಲಿ ಅಂತ ಬೈಯುತ್ತಾನಂತೆ.

ಲೋಟ ನನ್ನ ಕೈಯಿಂದ ಬಿತ್ತು. ಬಿದ್ದು, ನಮ್ಮೂರಿನ ಮರ್ಯಾದೆಯಂತೆ, ಉರುಳತೊಡಗಿತು.

ಉರುಳಬೇಕಾದದ್ದೇ ಅದು! ಈ ಊರಿನಲ್ಲಿ ಲೋಟ ಉರುಳುತ್ತದೆ, ನಿಂಬೆಹಣ್ಣು ಉರುಳುತ್ತದೆ, ಒಂದು ಸಲ ಪಂಚಾಯಿತಿ ಮೇಜೂ ಉರುಳಿತ್ತು. ಚಕ್ರ ಇರುವ ಕಾರು ಉರುಳದೆ ನಿಲ್ಲುತ್ತದೆ ಅಂದರೆ ಅದಕ್ಕೆ ನಿಯತ್ತಿದೆ ಅಂತಲ್ಲ, ಅದನ್ನು ಯಾರೋ ಹಿಡಿದುಕೊಂಡಿದ್ದಾರೆ ಅಂತ. ಬೇರೆ ಯಾವ ಊರಿನವರಿಗಾದರೂ ಇದು ತಟ್ಟನೆ ಹೊಳೆಯುತ್ತಿತ್ತೇನೋ. ನಮಗೆ ಉರುಳದೆ ನಿಲ್ಲುವುದಕ್ಕಿಂತ ದೊಡ್ಡ ಸದ್ಗುಣ ಇಲ್ಲವಲ್ಲ, ಯಾರೂ ಅದನ್ನು ರೋಗ ಅಂದುಕೊಳ್ಳಲಿಲ್ಲ. ನಾನೂ ಅಂದುಕೊಳ್ಳಲಿಲ್ಲ.

"ಲೋಟಾ ಕಣೇ!" ಅಂತ ಜವರಣ್ಣ ಕೂಗುತ್ತಿದ್ದ. ನಾನು ಆಗಲೇ ಕೆರೆ ಬೀದಿ ಸೇರಿದ್ದೆ.

ಚಂಪಕ್ಕ ತರಕಾರಿ ತರಲು ಹೋಗಿ ಅದೇ ತಾನೇ ಬಂದಿದ್ದರು. ಕಾರು ನಿಂತ ಕೂಡಲೇ ಮಸಿ ಬಂದು ಹಿಂದಿನ ಚಕ್ರಕ್ಕೆ ಬೆನ್ನು ಒತ್ತಿ ಮಲಗಿತ್ತು. ಅದನ್ನು ಎಬ್ಬಿಸಿ ಚಕ್ರದ ನಡುವೆ ಕೈ ಇಟ್ಟೆ. ಕಾದ ಹೆಂಚು! "ಅಮ್ಮಾ" ಅಂತ ಕೈ ಕಿತ್ತುಕೊಂಡೆ. ಮುಂದಿನ ಚಕ್ರ ಮುಟ್ಟಿದರೆ ಅಷ್ಟೇನೂ ಇಲ್ಲ. ಬೆಕ್ಕಿಗೆ ಮೊದಲಿನಿಂದ ಗೊತ್ತಿತ್ತು. ನನಗೆ ಮಾತ್ರ ಬಾನೆಟ್ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಆಗ ಸಾಬರ ಮಾತು ನೆನಪಾಯಿತು. ಚಂಪಕ್ಕನನ್ನು ಜಗಲಿ ಮೇಲೆ ಕೂರಿಸಿ, ಟೀ ಮಾಡಿಕೊಟ್ಟು, ಕೇಳಿದೆ: "ಚಂಪಕ್ಕ, ಕಾರಿಗೆ ಕಲ್ಲು ಕೊಡೋದು ಯಾವಾಗಿಂದ ಬಿಟ್ರಿ?"

"ಬೆನ್ನು ಹಿಡ್ಕಂಡಾಗಿಂದ. ಆ ಗುಂಡುಕಲ್ಲು ಎತ್ತಿ ಇಟ್ಟು, ಎತ್ತಿ ಇಟ್ಟು, ಒಂದಿನ ಬಗ್ಗಿದೋಳು ಬಗ್ಗಿದಂಗೇ ಉಳ್ದೋದೆ. ಅವತ್ತಿಂದ ಹ್ಯಾಂಡ್‌ಬ್ರೇಕೇ. ಎರಡೂ ಕೈಲಿ ಹಿಡ್ದು, ಡ್ಯಾಶ್‌ಬೋರ್ಡಿಗೆ ಕಾಲು ಕೊಟ್ಟು ಎಳೀತೀನಿ ನೋಡು, ಕೊನೇ ಹಲ್ಲಿನ ತನಕ." ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ. "ಈಗೀಗಂತೂ ಎಳೀದೇ ಇದ್ರೂ ನಿಂತ್ಕತದೆ. ಅಷ್ಟು ಒಳ್ಳೇದಾಗ್ಬಿಟ್ಟೈತೆ."

ನಾನು ಅವರ ಕಾಲಿಗೆ ಬೀಳುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯದೆ ಜ್ಯಾಕ್ ತಂದೆ. ಹಿಂದಿನ ಚಕ್ರ ಮೇಲೆತ್ತಿ ಕೈಯಿಂದ ತಿರುಗಿಸಿದೆ. ಗಾಳಿಯಲ್ಲಿ ತೇಲುತ್ತಿರುವ ಚಕ್ರ ಬೆರಳಿನಿಂದ ನೂಕಿದರೆ ತಿರುಗಬೇಕು. ಇದು ಎರಡೂ ಕೈ ಹಾಕಿ ನೂಕಿದರೂ ಕರ್ರ್ ಅಂತ ಒಂದಿಷ್ಟು ಹೊರಳಿ ನಿಂತಿತು. ಕಾರಿನಡಿ ಮಲಗಿ ನೋಡಿದೆ. ಹ್ಯಾಂಡ್‌ಬ್ರೇಕ್ ಕೇಬಲ್ಲು ತನ್ನ ಕವಚದೊಳಗೇ ತುಕ್ಕು ಹಿಡಿದು ಕೂತಿತ್ತು. ಚಂಪಕ್ಕ ಎಳೆದಾಗ ಬಂದದ್ದು, ಬಿಟ್ಟಾಗ ವಾಪಸ್ ಹೋಗುತ್ತಲೇ ಇರಲಿಲ್ಲ. ಬ್ರೇಕು ಚಕ್ರವನ್ನು ಒಳಗಿನಿಂದ ತಬ್ಬಿಕೊಂಡೇ ಇತ್ತು. ಇಷ್ಟು ತಿಂಗಳು ಚಂಪಕ್ಕ ಒಂದು ಕಾಲಲ್ಲಿ ಓಡು ಅಂತ ತುಳಿಯುತ್ತಿದ್ದರು, ಕಾರಿನ ಹಿಂದುಗಡೆ ಮಾತ್ರ ಅವರದೇ ಎರಡು ಕೈ ಬೇಡ ಬೇಡ ಅಂತ ಹಿಡಿದೆಳೆಯುತ್ತಿದ್ದವು.

ಕೇಬಲ್ಲಿನ ತುದಿ ಕಳಚಿದೆ. ಟಕ್ ಅಂತ ಒಂದು ಸಣ್ಣ ಸದ್ದು. ಚಕ್ರ ತಾನಾಗಿಯೇ ಒಂದು ಚೂರು ತಿರುಗಿತು, ನಿದ್ದೆಯಿಂದ ಎದ್ದವರು ಮೈ ಮುರಿಯುವ ಹಾಗೆ. ಡ್ರಮ್ಮು ತೆಗೆದು, ಒಳಗೆ ಸುಟ್ಟು ನುಣ್ಣಗಾಗಿದ್ದ ಬ್ರೇಕ್ ಶೂಗಳನ್ನು ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ ಮತ್ತೆ ಜೋಡಿಸಿದೆ. ಇನ್ನೊಂದು ಚಕ್ರಕ್ಕೂ ಅದೇ ಉಪಚಾರ. ಕಾಲಲ್ಲಿ ತುಳಿಯುವ ಬ್ರೇಕು ಸರಿಯಾಗಿ ಹಿಡಿಯುತ್ತದೆ ಅಂತ ಮತ್ತೆ ಮತ್ತೆ ನೋಡಿದೆ.

"ಆದ್ರೆ ಚಂಪಕ್ಕ, ಸಾಬ್ರು ಹೊಸ ಕೇಬಲ್ ತರೋ ತನಕ ಹ್ಯಾಂಡ್‌ಬ್ರೇಕ್ ಇಲ್ಲ. ಗೇರಲ್ಲಿ ನಿಲ್ಸಿ, ಮರೀದೇ ಕಲ್ಲು ಕೊಡ್ಬೇಕು. ಕಲ್ಲನ್ನ ನಾನು ಎತ್ತಿಡ್ತೀನಿ."

"ಆಯ್ತು ಡಾಕ್ಟ್ರಮ್ಮ" ಅಂದರು. ನಾನೇ ಅವರ ಗುಂಡುಕಲ್ಲನ್ನು ಮೂಲೆಯಿಂದ ತಂದು ಚಕ್ರದಡಿ ಕೊಟ್ಟೆ. ಬ್ಯಾಗು ಮಾತ್ರ ಗೂಟದಲ್ಲೇ ಇತ್ತು. ಒಂದು ಸಲ ಹಾರಿಸಿ ಆಮೇಲೆ ತೆವಳಿಸಿದವಳ ಮಾತನ್ನು ಅವರು ಪೂರ್ತಿ ನಂಬಿರಲಿಲ್ಲ.

ಮಾರನೇ ದಿನ ನನ್ನ ನಿಂಬೆಹಣ್ಣು ಎಡಕ್ಕೆ ಉರುಳಿತು. ಉರುಳಿದ್ದಲ್ಲ, ಓಡಿಹೋಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಕಾಣಲಿಲ್ಲ. ಕೆರೆ ಬೀದಿ ಕಡೆಗೆ ಅಂಥ ಇಳಿಜಾರು. ಅಂದರೆ ಗಾಣದ ಬೀದಿಗೆ ಗೋಡೆಯಂಥ ಏರು. ದೇವರೇ, ಇವತ್ತೊಂದು ದಿನ ನೀಲಕ್ಕ ಸುಮ್ಮನಿರಲಿ ಅಂದುಕೊಂಡು ಒಳಗೆ ತಿರುಗುತ್ತಿದ್ದ ಹಾಗೆ ಫೋನು ಬಂತು.

"ಇಂದೂ! ನೋವು ಶುರುವಾಗೈತೆ!" ಶಿವಲಿಂಗ ಭಾವ. ಹಿಂದಿನಿಂದ ನೀಲಕ್ಕನ ದನಿ: "ಚಂಪಕ್ಕ ಬರೋ ತನಕ ಆಗಲ್ಲ ಅಂತ ಹೇಳ್ರೀ ಅವ್ರಿಗೆ!" ಯಾರಿಗೆ ಹೇಳಬೇಕು, ಮಗುವಿಗಾ!

ಓಡಿದೆ. ಚಂಪಕ್ಕ ಬಾಗಿಲಲ್ಲಿ ನಿಂತು ಬೀದಿಯ ಏರನ್ನೇ ನೋಡುತ್ತಿದ್ದರು. "ಇವತ್ತೇ ಆಗ್ಬೇಕಾ ಇದು" ಅಂದರು. ನಾನು ಒಳಗೆ ನುಗ್ಗಿ ಗೂಟದಿಂದ ಬ್ಯಾಗು ಕಿತ್ತುಕೊಂಡು ಅವರ ಮಡಿಲಿಗೆ ಹಾಕಿದೆ, ಗುಂಡುಕಲ್ಲನ್ನು ಹಿಂದಿನ ಸೀಟಿಗೆ ಎಸೆದೆ.

"ನಾನು ಓಡ್ಸಲ್ಲ. ನೀವೇ ಓಡ್ಸಿ ಚಂಪಕ್ಕ. ನಿಮ್ ಕಾಲಿಗೇ ಗೊತ್ತಾಗ್ಲಿ."

ಅವರು ಹೆದರಿ ಹೆದರಿ ತುಳಿದರು. ಕಾರು ಮುಂದಕ್ಕೆ ನೆಗೆಯಿತು. "ಅಯ್ಯಯ್ಯೋ!" ಅಂತ ಕಾಲು ತೆಗೆದರು. ಮತ್ತೆ ತುಳಿದರು. ಈ ಸಲ ತೆಗೆಯಲಿಲ್ಲ. ಎರಡನೇ ಗೇರು, ಮೂರನೇ ಗೇರು. ಏರು ನಮ್ಮ ಮುಂದೆ ಎದ್ದು ನಿಂತಿತ್ತು, ಕಾರು ಗುಂಯ್ಯೆನ್ನುತ್ತಾ ಅದನ್ನು ನುಂಗುತ್ತಾ ಹೋಯಿತು. ಚಂಪಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದನ್ನು ನೋಡಿದ್ದೇ ನನ್ನ ಕಣ್ಣು ತುಂಬಿಬಂತು. ಅಂಗಡಿ ಮುಂದೆ ಟೀ ಎರೆಯುತ್ತಾ ನಿಂತಿದ್ದ ಜವರಣ್ಣ ಲೋಟ ತುಂಬಿ ಹರಿಯುತ್ತಿದ್ದರೂ ಎರೆಯುತ್ತಲೇ ಇದ್ದ. ಚಂಪಕ್ಕ ಕಿಟಕಿ ಇಳಿಸಿ, "ಜವರಾ, ಸೌಟು ಬಿದ್ದೋಯ್ತದೆ ನೋಡ್ಕಳೋ!" ಅಂತ ಬೈದರು. ಬೈದರು! ನನಗೆ ಜೀವ ಬಂತು.

ಗಾಣದ ಬೀದಿ ತುದಿಯಲ್ಲಿ, ಏರು ಮುಗಿದು ನೆಲ ತುಸು ಸಮವಾದ ಕಡೆ ಕಾರು ನಿಂತದ್ದೇ ಚಂಪಕ್ಕ ಬ್ಯಾಗು ಹಿಡಿದು ಒಳಗೆ ಓಡಿದರು. ನಾನು ಗುಂಡುಕಲ್ಲನ್ನು ಚಕ್ರದಡಿ ಕೊಟ್ಟು ಹಿಂದೆಯೇ ಓಡಿದೆ. ಗೇರಿನಲ್ಲಿ ನಿಲ್ಲಿಸಬೇಕು ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು. ಒಳಗೆ ನೀಲಕ್ಕ ಹಲ್ಲು ಕಚ್ಚಿಕೊಂಡು, "ಬಂದ್ರಾ?" ಅಂದಳು.

"ಬಂದೆ ಕಣವ್ವ, ಇನ್ನು ಹಲ್ಲು ಬಿಡು, ಉಸಿರು ಬಿಡು" ಅಂದರು ಚಂಪಕ್ಕ, ಕೈ ತೊಳೆಯುತ್ತಾ.

ಬಾಗಿಲು ಮುಚ್ಚಿತು. ಶಿವಲಿಂಗ ಭಾವ ಅಂಗಳದಲ್ಲಿ ಒಂದು ಹಲಗೆಯನ್ನು ಸುಮ್ಮನೆ ಉಜ್ಜುತ್ತಾ ಕೂತ. ಉಜ್ಜಿ ಉಜ್ಜಿ ಅದು ಕಾಗದದಷ್ಟು ತೆಳ್ಳಗಾಗುವ ಹೊತ್ತಿಗೆ ಒಳಗಿನಿಂದ ಅಳು ಕೇಳಿತು. ತೀರಾ ಜೋರು ಅಳು, ಹೊಸ ಹಾರ್ನಿನ ಹಾಗೆ. ಭಾವ ಹಲಗೆ ಬಿಟ್ಟು ನನ್ನನ್ನು ತಬ್ಬಿಕೊಂಡ, ಆಮೇಲೆ ನಾಚಿಕೊಂಡು ಕಂಬವನ್ನು ತಬ್ಬಿಕೊಂಡ.

"ಹೆಣ್ಣು ಮಗು!" ಚಂಪಕ್ಕ ಬಾಗಿಲು ತೆಗೆದು ಇಣುಕಿದರು. ಮುಖದಲ್ಲಿ ಬೆವರು, ಅದರ ಮೇಲೆ ನಗು. ತಟ್ಟನೆ ನಗು ನಿಂತಿತು. "ಇಂದೂ! ಕೂಸಿನ ಕಲ್ಲು! ಟೀವಿ ಮೇಲೇ ಬಿಟ್ಟು ಬಂದ್ಬಿಟ್ನಲ್ಲೇ! ಯಾವ್ದಾದ್ರೂ ಒಳ್ಳೇ ಕಲ್ಲು ನೋಡಿ ತಾ, ಓಡು, ಪಕ್ಕದ್ಮನೆಯವ್ಳು ಬರೋದ್ರೊಳಗೆ!"

ಓಡಿದೆ. ಬೀದಿಯಲ್ಲಿ ಕಣ್ಣಾಡಿಸಿದೆ. ಎದುರಿಗೇ ಒಂದು ಸೊಗಸಾದ ಕಲ್ಲು, ದುಂಡಗೆ, ನುಣ್ಣಗೆ, ಹೇಳಿ ಮಾಡಿಸಿದ ಹಾಗಿತ್ತು. ಎಳೆದುಕೊಂಡು, ಎದೆಗವಚಿ ಒಳಗೆ ತಂದೆ. ಚಂಪಕ್ಕ ಅದನ್ನು ತೊಳೆದು, ತಮ್ಮ ಕೈಯಾರೆ ತೊಟ್ಟಿಲ ಕಾಲಿಗೆ ಕೊಟ್ಟು, ಅಲ್ಲಾಡಿಸಿ ನೋಡಿ, "ನಿಂತ್ಕೋ ನನ್ನವ್ವ, ಬೇಕಾದಾಗ ಓಡುವಂತೆ" ಅಂದರು. ಮಗು ಅಳು ನಿಲ್ಲಿಸಿತು.

ಆಗ ಬೀದಿಯಿಂದ ಕೂಗು ಕೇಳಿತು. "ಉರುಳೂ!"

ಚಂಪಕ್ಕ ತೊಟ್ಟಿಲಡಿಯ ಕಲ್ಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎಷ್ಟೋ ತಿಂಗಳಿಂದ ಆ ಕಾರು ಕಲ್ಲಿಲ್ಲದೆ ನಿಂತದ್ದನ್ನೇ ಕಂಡ ಕಣ್ಣು ನನ್ನದು. ಅದರ ಚಕ್ರದಡಿ ಕಲ್ಲು ಕಂಡರೆ ಯಾರೋ ಬಿಟ್ಟುಹೋದದ್ದು ಅಂದುಕೊಂಡಿತ್ತು. ಕಾರನ್ನು ಉರುಳುವ ಹಾಗೆ ಮಾಡಿದವಳೂ ನಾನೇ, ಉರುಳುತ್ತದೆ ಅನ್ನುವುದನ್ನು ಮರೆತವಳೂ ನಾನೇ.

ಹೊರಗೆ ಬಂದು ನೋಡುವಷ್ಟರಲ್ಲಿ ಹಸಿರು ಕಾರು ಬೀದಿಯ ನಡುಮಧ್ಯದಲ್ಲಿ, ಯಾರಿಗೂ ತೊಂದರೆ ಕೊಡದೆ, ನೇರವಾಗಿ ಇಳಿದು ಹೋಗುತ್ತಿತ್ತು. ಜನ ಎರಡೂ ಕಡೆ ಜಗಲಿ ಹತ್ತಿ ನಿಂತಿದ್ದರು. ಉರುಳೂ, ಉರುಳೂ ಅನ್ನುವ ಕೂಗು ಬೀದಿಯಿಂದ ಬೀದಿಗೆ ದಾಟಿ ಕೆಳಗೆ ಕೆಳಗೆ ಇಳಿಯುತ್ತಿತ್ತು. ನಾನು ಅಳಲು ಶುರುಮಾಡಿದೆ. ಚಂಪಕ್ಕ ಒದ್ದೆ ಕೈಯಲ್ಲೇ ನನ್ನ ಭುಜ ಹಿಡಿದು ಅಲ್ಲಾಡಿಸಿದರು.

"ನೋಡೇ! ಅಳ್ಬೇಡ, ನೋಡೇ! ಆಕ್ಸಿಲರೇಟರ್ ತುಳಿಯೋರೇ ಇಲ್ಲ, ಎಂಗೋಯ್ತದೆ ನೋಡು!"

ಅವರು ನಗುತ್ತಿದ್ದರು. ಬೆನ್ನು ನೋವಿನವರು ಬೆನ್ನು ಹಿಡಿದುಕೊಂಡು ನಗುತ್ತಿದ್ದರು.

ಸಂಜೆ ತಗ್ಗಿಗೆ ಹೋದೆವು. ಆ ದಿನದ ತಗ್ಗು ಕೆರೆ ಬೀದಿಯ ಕೊನೆಯಲ್ಲಿ, ಚಂಪಕ್ಕನ ಮನೆಯ ಪಕ್ಕದ ಖಾಲಿ ಜಾಗದಲ್ಲೇ ಬಂದಿತ್ತು. ಯಾರದೋ ಒಕ್ಕಣೆಯ ಹುಲ್ಲಿನ ರಾಶಿಗೆ ಮೂತಿ ತೂರಿಸಿ ಕಾರು ನಿಂತಿತ್ತು, ಸುತ್ತಲೂ ಊರಿನ ನಿಂಬೆಹಣ್ಣುಗಳು. ಮುಂದಿನ ಒಂದು ದೀಪ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಜವರಣ್ಣ ನಮಗಿಂತ ಮುಂಚೆ ಬಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

"ಚಂಪಕ್ಕ, ನಮ್ ಅಂಗಡಿ ಮುಂದೇನೇ ಹೋಯ್ತು. ಡ್ರೈವರ್ರೇ ಇಲ್ಲ, ಆದ್ರೂ ಏನು ಪಿಕಪ್ಪು ಅಂತೀರಾ! ಇಳಿಜಾರಿಗೆ ನಿಮ್ ಮೇಲಿನ ಮುನಿಸು ಹೋಗೈತೆ ಬಿಡಿ."

"ಹೌದೇನೋ? ಹಂಗಾದ್ರೆ ನಾಳೆ ಬೆಳಿಗ್ಗೆ ಯಾವ ಕಡೆ ಉರುಳ್ತದೋ ಅದನ್ನೂ ಹೇಳು. ಕಲ್ಲು ತೊಟ್ಟಿಲಿಗೆ ಹೋಯ್ತು. ಕೂಸಿನ ಕಲ್ಲು ವಾಪಸ್ ಕೇಳಂಗಿಲ್ಲ."

"ಮತ್ತೆ ಕಾರಿಗೆ?"

ಚಂಪಕ್ಕ ಜವರಣ್ಣನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. ಜವರಣ್ಣ ದಪ್ಪ ಆಸಾಮಿ, ಕೆಳಗಂತೂ ಚೆನ್ನಾಗಿ ಅಗಲವಾಗಿದ್ದಾನೆ.

ಕಾರನ್ನು ಹುಲ್ಲಿನಿಂದ ಎಳೆದು ಮನೆ ಬಾಗಿಲಿಗೆ ತಂದು ನಿಲ್ಲಿಸಿದೆವು. ಚಂಪಕ್ಕನ ಬೆನ್ನಿಗೆ ಭಾರವಾಗದ ಹಾಗೆ, ಹಿಡಿಕೆ ಇರುವ ಮರದ ತುಂಡೊಂದನ್ನು ಮಾಡಿ ತರುತ್ತೇನೆಂದು ಶಿವಲಿಂಗ ಭಾವ ಹೇಳಿ ಕಳಿಸಿದ್ದ. ಅದು ಬರುವ ತನಕ ಜವರಣ್ಣ ಹಿಂದಿನ ಚಕ್ರಕ್ಕೆ ಬೆನ್ನು ಕೊಟ್ಟು, ಯಾರೋ ತಂದುಕೊಟ್ಟ ಟೀ ಕುಡಿಯುತ್ತಾ, ಹೋಗಿ ಬರುವವರಿಗೆಲ್ಲ ಈ ಕಾರಿನ ವೇಗ ವರ್ಣಿಸುತ್ತಾ ಕೂತಿದ್ದ. ಮಸಿ ಎಂದಿನಂತೆ ಬಂದು ಚಕ್ರಕ್ಕೆ ಪಂಜ ಇಟ್ಟು ನೋಡಿತು. ತಣ್ಣಗಿತ್ತು. ಮತ್ತೊಂದು ಕಡೆ ಮುಟ್ಟಿತು. ಅಲ್ಲೂ ತಣ್ಣಗೆ. ತಲೆಯೆತ್ತಿ ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ, ಜವರಣ್ಣನ ಮಡಿಲು ಹತ್ತಿ ಮಲಗಿಕೊಂಡಿತು.